ಮೂರು ಭಾಷೆಯ ಮನೆಯಲ್ಲಿ ಒಂದು ನಾಯಿ

ನಾಯಿ ಸಾಕುವುದು ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಮಂದಿಗೆ ಹಳೆಯ ರೂಢಿ. ಕುರಿಹಟ್ಟಿಯ ನಾಯಿ, ಹೊಲದ ವಸ್ತಿಯ ನಾಯಿ, ವಾಡೆಯ ಕಟ್ಟೆಯ ಮೇಲೆ ಮಲಗುವ ನಾಯಿ, ಇವಕ್ಕೆ ಯಾರೂ ಶಿಸ್ತು ಕಲಿಸಿದ್ದಿಲ್ಲ. ಕಲಿಸುವ ಪ್ರಸಂಗವೇ ಬರಲಿಲ್ಲ. ಬಾಗಿಲು ತೆರೆದಿರುತ್ತಿತ್ತು, ಅವಸರವಾದಾಗ ಅದು ತಾನೇ ಎದ್ದು ಹೋಗಿ ಬರುತ್ತಿತ್ತು. ಈಗ ಅದೇ ಮನೆತನಗಳ ಮೊಮ್ಮಕ್ಕಳು ವಿಜಾಪುರ ರಸ್ತೆ, ಹೊಟಗಿ ರಸ್ತೆಯ ಕಡೆ ಮೂರನೆಯ ಮಜಲಿನ ಫ್ಲ್ಯಾಟುಗಳಲ್ಲಿದ್ದಾರೆ. ಅಲ್ಲಿಗೆ ಲ್ಯಾಬ್ರಡಾರ್, ಪಮೇರಿಯನ್ ಮರಿಗಳು ಬರುತ್ತವೆ. ಹಟಕ್ಕೆ ಬಿದ್ದು ಮುಧೋಳ ಮರಿ ತರುವವರೂ ಉಂಟು. ಆರು ತಿಂಗಳಿಗೆ ಮರಿ ಸಾಕುಸಾಕಾಗುತ್ತದೆ. ಒಂದು ರಾತ್ರಿ ಕಾರಿನಲ್ಲಿ ಹಾಕಿಕೊಂಡು ಹೋಗಿ ಹೆದ್ದಾರಿಯ ಧಾಬಾದ ಹತ್ತಿರ ಬಿಟ್ಟು ಬರುತ್ತಾರೆ. ಕೊರಳಪಟ್ಟಿ ಇನ್ನೂ ಕೊರಳಲ್ಲೇ ಇರುವ ನಾಯಿಗಳನ್ನು ಅಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ.

ಪಶುಧನ ಪರ್ಯವೇಕ್ಷಕನಾಗಿ ದುಡಿದು ನಿವೃತ್ತನಾದವನು ನಾನು. ದನ, ಎಮ್ಮೆಯ ವಿಷಯ ಕೇಳಲು ಈಗ ಯಾರೂ ಬರುವುದಿಲ್ಲ, ನಾಯಿಯ ತಕರಾರು ಹೊತ್ತು ತರುವವರೇ ಬಹಳ. ತಕರಾರು ಮಾತ್ರ ಒಂದೇ ನಮೂನಿ.

“ಸಾಹೇಬ್ರ, ಎಷ್ಟ ಬಡದ್ರೂ ಬುದ್ಧಿ ಬರವಲ್ದರಿ. ಹೊರಗ ಅರ್ಧಾ ತಾಸ ಅಡ್ಡಾಡಿಸಿ ತರ್ತೀವಿ, ಒಳಗ ಬಂದ ಕೂಡ್ಲೆ ಕಾಟಿನ ಕೆಳಗ ಉಚ್ಚಿ ಹೊಯ್ತದ.”

“ಊಟ ಎಷ್ಟೊತ್ತಿಗೆ ಹಾಕ್ತೀರಿ?”

“ಅದಕ್ಕೇನ್ರಿ, ತಾಟ ಯಾವಾಗ್ಲೂ ತುಂಬೇ ಇರ್ತದ.”

ರೋಗ ಇರುವುದು ಇಲ್ಲಿ. ತಾಟು ದಿನವಿಡೀ ತುಂಬಿದ್ದರೆ ಹೊಟ್ಟೆಯೂ ದಿನವಿಡೀ ಖಾಲಿಯಾಗುತ್ತದೆ. ಉಣ್ಣುವುದಕ್ಕೆ ವೇಳೆ ಇದ್ದರೆ ಹೊರಕಡೆಗೂ ವೇಳೆ ಬರುತ್ತದೆ. ಮರಿಗೆ ದಿನಕ್ಕೆ ಮೂರು ಸಲ, ದೊಡ್ಡದಕ್ಕೆ ಎರಡು ಸಲ ಊಟ ಹಾಕಿ, ಕಾಲು ತಾಸಿನಲ್ಲಿ ತಾಟು ಎತ್ತಿಬಿಡಬೇಕು. ನೀರು ಮಾತ್ರ ಯಾವಾಗಲೂ ಇರಲಿ. ಎರಡು ತಿಂಗಳ ಮರಿ ಎಚ್ಚರವಿದ್ದಾಗ ಎರಡು ತಾಸಿಗಿಂತ ಹೆಚ್ಚು ತಡೆದುಕೊಳ್ಳಲಾರದು. ಮಲಗಿ ಎದ್ದ ಕೂಡಲೇ, ಉಂಡ ಮೇಲೆ, ಆಡಿ ದಣಿದ ಮೇಲೆ ಅದನ್ನು ಎತ್ತಿಕೊಂಡು ದಿನಾ ಅದೇ ಜಾಗಕ್ಕೆ ಒಯ್ಯಬೇಕು. ರಾತ್ರಿಯೂ ಒಮ್ಮೆ ಏಳಬೇಕು. ಏಳಲಾರೆವು ಎನ್ನುವವರು ಮರಿ ತರಬಾರದು, ಇದರಲ್ಲಿ ನನಗೆ ದಾಕ್ಷಿಣ್ಯವಿಲ್ಲ.

ಇನ್ನು, ಅರ್ಧ ತಾಸು ತಿರುಗಿದರೂ ಹೊರಗೆ ಮಾಡದೆ ಒಳಗೆ ಬಂದು ಮಾಡುವುದೇಕೆ? ನಾಯಿ ಹೊರಗೆ ಉಚ್ಚಿ ಹೊಯ್ದ ಕ್ಷಣವೇ ನಮ್ಮವರು ಹಗ್ಗ ಎಳೆದು ಮನೆಗೆ ತಿರುಗುತ್ತಾರೆ. ನಾಲ್ಕು ದಿನಕ್ಕೆ ಅದಕ್ಕೆ ಲೆಕ್ಕ ತಿಳಿಯುತ್ತದೆ: ಕೆಲಸ ಮುಗಿದರೆ ತಿರುಗಾಟ ಮುಗಿಯಿತು. ಹಾಗಾಗಿ ಅದು ತಡೆಹಿಡಿಯುತ್ತದೆ. ಇದನ್ನು ತಿರುವು ಮುರುವು ಮಾಡಿ. ಮೊದಲು ನಿಂತ ಜಾಗದಲ್ಲಿ ಕೆಲಸ, ಆದ ಕೂಡಲೇ ಒಂದು ತುಣುಕು ರೊಟ್ಟಿ, ಒಂದು ‘ಶಾಬಾಶ್’, ಆಮೇಲೆ ತಿರುಗಾಟ. ರೊಟ್ಟಿ ಅಲ್ಲೇ ಕೊಡಬೇಕು, ಮನೆಗೆ ಬಂದು ಕೊಟ್ಟರೆ ಅದು ಮೆಟ್ಟಿಲು ಹತ್ತಿದ್ದಕ್ಕೆ ಸಿಕ್ಕ ಇನಾಮು ಎಂದುಕೊಳ್ಳುತ್ತದೆ.

ಲಸಿಕೆಗಳು ಮುಗಿಯದ ಮರಿಯನ್ನು ಬೀದಿನಾಯಿಗಳು ತಿರುಗುವ ಜಾಗಕ್ಕೆ ಒಯ್ದರೆ ಪಾರ್ವೋ ಬೇನೆಯ ಭಯ. ಅಲ್ಲಿಯತನಕ ಮಾಳಿಗೆ ಅಥವಾ ಗ್ಯಾಲರಿಯಲ್ಲಿ ಕಾಗದ ಹಾಸಿ ರೂಢಿ ಮಾಡಿಸಬಹುದು. ಈ ಪುರವಣಿಯನ್ನೇ ಹಾಸಿದರೂ ನನ್ನ ತಕರಾರಿಲ್ಲ, ಓದಿದ ಮೇಲೆ ಹಾಸಿದರಾಯಿತು.

ಬಡಿಯುವುದು, ಮೂಗನ್ನು ಉಚ್ಚೆಗೆ ತಿಕ್ಕುವುದು, ಇವೆರಡನ್ನೂ ಇವತ್ತೇ ನಿಲ್ಲಿಸಬೇಕು. ಸಂಜೆ ಆರಕ್ಕೆ ನೀವು ಬಂದು ಮಧ್ಯಾಹ್ನದ ಹೊಲಸಿಗೆ ಬಡಿದರೆ ನಾಯಿಗೆ ಏನು ತಿಳಿಯಬೇಕು? “ತಪ್ಪ ಮಾಡೇನಂತ ಅದಕ್ಕ ಗೊತ್ತೈತ್ರಿ, ಮಾರಿ ನೋಡ್ರಿ ಹೆಂಗ ಸಣ್ಣ ಮಾಡ್ತದ” ಎನ್ನುತ್ತಾರೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದ್ವಾಂಸರು 2009ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ತಿನ್ನಬೇಡವೆಂದ ತಿನಿಸನ್ನು ತಿಂದ ನಾಯಿ, ತಿನ್ನದ ನಾಯಿ, ಎರಡೂ ಒಡೆಯ ಬೈದಾಗ ಅದೇ ಸಣ್ಣ ಮಾರಿ ಮಾಡಿದವು. ಅದು ನಮ್ಮ ಸಿಟ್ಟಿಗೆ ಹುಟ್ಟಿದ ಅಂಜಿಕೆ, ಪಶ್ಚಾತ್ತಾಪವಲ್ಲ. ಬಡಿತ ತಿಂದ ನಾಯಿ ಕಲಿಯುವುದು ನಿಮ್ಮೆದುರು ಹೊಯ್ಯಬಾರದು ಎಂಬುದೊಂದನ್ನೇ. ಆಮೇಲೆ ಅದು ಕಾಟಿನ ಕೆಳಗೇ ಹೋಗುತ್ತದೆ, ಹೊರಗೆ ನೀವು ಹಗ್ಗ ಹಿಡಿದು ನಿಂತರೂ ಹೊಯ್ಯುವುದಿಲ್ಲ. ನೆಲವನ್ನು ಸಾಬೂನಿನಿಂದ ತೊಳೆದು, ವಿನೆಗರಿಗೆ ನೀರು ಬೆರೆಸಿ ಒರೆಸಿರಿ. ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತದೆ. ನಳಕ್ಕೆ ದಿನಾ ನೀರು ಬಾರದ ಓಣಿಗಳಲ್ಲಿ ಇದೇನು ಸಣ್ಣ ಕಷ್ಟವಲ್ಲ. ಸಿಟ್ಟು ಎಲ್ಲಿಂದ ಬರುತ್ತದೆಂಬುದು ನನಗೂ ತಿಳಿಯುತ್ತದೆ. ಚೆನ್ನಾಗಿ ಕಲಿತ ದೊಡ್ಡ ನಾಯಿ ಒಮ್ಮಿಂದೊಮ್ಮೆಲೆ ಒಳಗೆ ಹೊಯ್ಯತೊಡಗಿದರೆ ಅದು ಮೂತ್ರಕೋಶದ ಸೋಂಕೋ ಸಕ್ಕರೆ ಕಾಯಿಲೆಯೋ ಇರಬಹುದು, ದವಾಖಾನೆಗೆ ಒಯ್ಯಬೇಕು.

ಈಗ ನಮ್ಮ ಗಡಿ ಮನೆಗಳ ಮಾತು. ಅಜ್ಜಿ ‘ಕೂಡು’ ಅನ್ನುತ್ತಾಳೆ, ಮಗ ಮರಾಠಿಯಲ್ಲಿ ‘ಬಸ್’ ಅನ್ನುತ್ತಾನೆ, ಇಂಗ್ಲಿಷ್ ಶಾಲೆಯ ಮೊಮ್ಮಗ ‘ಸಿಟ್’. ಪೂರ್ವಭಾಗದಿಂದ ಕೆಲಸಕ್ಕೆ ಬರುವಾಕೆ ತೆಲುಗಿನಲ್ಲಿ ‘ಕೂರ್ಚೋ’. ಅದರಲ್ಲೂ ‘ಬಸ್’ ಶಬ್ದದ ಗತಿ ನೋಡಿರಿ. ಮರಾಠಿಯಲ್ಲಿ ಕೂಡು ಎಂದಾಯಿತು, ಅದೇ ಮನೆಯ ಊಟದ ಪಂಕ್ತಿಯಲ್ಲಿ ‘ಬಸ್, ಬಸ್’ ಅಂದರೆ ಸಾಕು! ದಿನಕ್ಕೆ ಹತ್ತು ಸಲ ಯಾರೂ ಕೂಡದೆ ಆ ಶಬ್ದ ಕೇಳಿದ ನಾಯಿ ಅದನ್ನು ಲಕ್ಷ್ಯಕ್ಕೇ ತಗೊಳ್ಳುವುದಿಲ್ಲ. ಮನೆಯವರು “ಮೊಂಡ ನಾಯಿ” ಎಂದು ತೀರ್ಪು ಕೊಡುತ್ತಾರೆ.

ನಾಯಿಗೆ ಇಂಗ್ಲಿಷೇ ತಿಳಿಯುತ್ತದೆ ಎಂಬುದು ಪೋಲೀಸ್ ನಾಯಿಗಳನ್ನು ನೋಡಿ ಹುಟ್ಟಿದ ಭ್ರಮೆ. ಅದಕ್ಕೆ ಬೇಕಾದ್ದು ಒಂದು ಕೆಲಸಕ್ಕೆ ಒಂದೇ ಸಪ್ಪಳ. ಯಾವುದು ಎಂದು ಮನೆಮಂದಿ ಕೂತು ಒಮ್ಮತಕ್ಕೆ ಬಂದರೆ ಸಾಕು, ಗಡಿ ವಾದದೊಳಗೆ ನಾಯಿಯನ್ನೂ ಎಳೆಯುವುದು ಬೇಡ. ನನ್ನ ಮತ ಅಜ್ಜಿಯ ‘ಕೂಡು’ವಿಗೆ, ಹಗಲೆಲ್ಲ ನಾಯಿಯ ಜೊತೆ ಇರುವಾಕೆ ಅವಳೇ. ಶಬ್ದದಂತೆ ಕಾಯಿದೆಯೂ ಒಂದೇ ಇರಬೇಕು. ತಂದೆ ಸೋಫಾದಿಂದ ಇಳಿಸುವುದು, ಮಗಳು ಹತ್ತಿಸಿಕೊಳ್ಳುವುದು, ಇದರಲ್ಲಿ ನಾಯಿ ಯಾರ ಮಾತು ಕೇಳಬೇಕು?

ಉಳಿದ ತಕರಾರುಗಳು ಸಣ್ಣವು. ನಾಲ್ಕರಿಂದ ಆರು ತಿಂಗಳಲ್ಲಿ 28 ಹಾಲುಹಲ್ಲು ಬಿದ್ದು 42 ಹಲ್ಲು ಬರುತ್ತವೆ. ಆಗ ಒಸಡು ತಿಂತದೆ, ಸಿಕ್ಕಿದ್ದನ್ನು ಕಡಿಯುತ್ತದೆ. ಹಳೆಯ ಚಪ್ಪಲಿ ಆಡಲು ಕೊಟ್ಟು ಹೊಸದನ್ನು ಕಡಿಯಿತೆಂದು ಬೈಯುವುದು ನ್ಯಾಯವಲ್ಲ, ಎರಡೂ ಅದಕ್ಕೆ ತೊಗಲೇ. ಬಂದವರ ಮೈಮೇಲೆ ಜಿಗಿದರೆ ಎಲ್ಲರೂ ಬೆನ್ನು ತಿರುಗಿಸಿ ಸುಮ್ಮನೆ ನಿಲ್ಲಬೇಕು, ನಾಲ್ಕೂ ಕಾಲು ನೆಲಕ್ಕೆ ಬಂದಾಗ ಮಾತಾಡಿಸಬೇಕು. ಆಟದಲ್ಲಿ ಹಲ್ಲು ತಾಗಿ ರಕ್ತ ಬಂದರೆ ಮಾತ್ರ ‘ನಮ್ಮ ಮನಿ ಮರಿ’ ಎಂದು ಬಿಡಬಾರದು. 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ದವಾಖಾನೆಗೆ ಹೋಗಬೇಕು. ನಾಯಿಗೆ ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದೆ ಡಾಕ್ಟರು ಹೇಳಿದ ತಾರೀಖಿಗೆ ತಪ್ಪದೆ ಹಾಕಿಸುತ್ತಿರಬೇಕು.

ಮುಧೋಳ ನಾಯಿಯ ಬಗ್ಗೆ ಒಂದು ಮಾತು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಸೈನ್ಯ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದಿತು. ಅಂದಿನಿಂದ ಅದನ್ನು ಫ್ಲ್ಯಾಟಿಗೆ ತರುವ ಹುರುಪು ಹೆಚ್ಚಾಗಿದೆ. ಅದು ಕಣ್ಣಿಂದ ಬೇಟೆ ಹಿಡಿದು ಬೆನ್ನಟ್ಟುವ ತಳಿ. ಕೋಳಿ ಓಡಿದರೂ, ಸ್ಕೂಟರ್ ಓಡಿದರೂ ಬೆನ್ನು ಹತ್ತುವುದು ಅದರ ರಕ್ತ. ಬಯಲಿಲ್ಲದ ಮನೆಯಲ್ಲಿ ಅದಕ್ಕೆ ‘ಕೆಟ್ಟ ಚಾಳಿ’ ಎಂಬ ಹೆಸರು ಬರುತ್ತದೆ.

ಕಡೆಗೆ ಎಲ್ಲ ತಕರಾರಿಗೂ ಜನ ಹುಡುಕುವ ಪರಿಹಾರ ಸರಪಳಿ. ದಿನವಿಡೀ ಗೇಟಿಗೆ ಕಟ್ಟಿದ ನಾಯಿ ಬೊಗಳದೆ, ಕಡಿಯದೆ ಇನ್ನೇನು ಮಾಡೀತು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಯಾವಾಗಲೂ ಕಟ್ಟಿಹಾಕುವ ನಾಯಿಯನ್ನು ಅಡ್ಡಾಡಿಸದೆ ಇಡುವುದು ಅಪರಾಧ. ಹಸಿದು ಸಾಯುವಂತೆ ಬಿಟ್ಟು ಬರುವುದೂ ಅಪರಾಧ. ಮೊದಲ ತಪ್ಪಿಗೆ ಆ ಕಾಯ್ದೆ ಇಟ್ಟ ದಂಡ 50 ರೂಪಾಯಿ ಮೀರಲಿಲ್ಲ. ಧಾಬಾದ ಒಂದು ಊಟಕ್ಕೂ ಅದು ಸಾಲದು, ಯಾರು ಹೆದರುತ್ತಾರೆ?

ಆದ್ದರಿಂದ ಕಾರು ತೆಗೆಯುವ ಮೊದಲು ಮೂರು ವಾರ ತಾಟಿನ ವೇಳೆ, ಬಾಗಿಲಿನ ವೇಳೆ ಹಿಡಿದು ನೋಡಿರಿ. ಆಗಲೂ ಆಗದಿದ್ದರೆ ಹೊಲದ ವಸ್ತಿಯವರು, ಬಯಲಿದ್ದವರು ಯಾರಾದರೂ ಸಿಗುತ್ತಾರೆ, ಕೇಳಿ ಕೊಡಿರಿ. ಲಸಿಕೆಯ ಕಾರ್ಡು ಕೊಡುವಾಗ ಅದು ಎಷ್ಟೊತ್ತಿಗೆ ಉಣ್ಣುತ್ತದೆ, ಯಾವ ಮಾತಿಗೆ ಕೂಡುತ್ತದೆ ಎಂಬುದನ್ನೂ ಅದರ ಬೆನ್ನಿಗೆ ಬರೆದು ಕೊಡಿರಿ.