ಗಣತಿಯಲ್ಲಿ ಸಾಲದ ಕಾಲಂ ಎಲ್ಲಿ?

ಸಾಗರ ತಾಲೂಕಿನ ಕಾಗೋಡು ಸಣ್ಣ ಊರು. ಜನಗಣತಿ ಪುಸ್ತಕದಲ್ಲಿ ಅದಕ್ಕೆ ಒಂದೇ ಒಂದು ಗೆರೆ. ಅದರ ಚರಿತ್ರೆ ಇರೋದು ಕೊಳಗದಲ್ಲಿ! ಗೇಣಿ ಭತ್ತವನ್ನು ಧಣಿಗಳು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. 1951ರಲ್ಲಿ ದೀವರ ಗೇಣಿದಾರರು ಇದು ಆಗೋದಿಲ್ಲ ಅಂದರು. ಗಣಪತಿಯಪ್ಪನವರು ಮುಂದೆ ನಿಂತರು. ಬೆಂಬಲಕ್ಕೆ ಬಂದ ಲೋಹಿಯಾ ಅವರನ್ನೂ ಬಂಧಿಸಿದರು. ಉಳುವವನೇ ಹೊಲದೊಡೆಯ ಅನ್ನುವ ಕಾನೂನು ಜಾರಿಯಾದದ್ದು 1974ರಲ್ಲಿ.

ಭೂಮಿ ಸಿಕ್ಕಿತು, ಸರಿ. ರೈತ ಉಳಿದನೇ? 2001ರಲ್ಲಿ ದೇಶದ ಸಾಗುವಳಿದಾರರು 12.73 ಕೋಟಿ, 2011ಕ್ಕೆ 11.87 ಕೋಟಿ. ಕೃಷಿ ಕೂಲಿಗಳು ಮಾತ್ರ 10.68 ಕೋಟಿಯಿಂದ 14.43 ಕೋಟಿಗೆ ಏರಿದರು. ಬೆಲೆ ಕಟ್ಟುವ ಕೊಳಗ ಇನ್ನೂ ಕೊಳ್ಳುವವನ ಕೈಯಲ್ಲೇ ಇದ್ದರೆ ಮತ್ತೇನಾಗುತ್ತೆ? ಗಣತಿಯವರು ಬಾಗಿಲಿಗೆ ಬಂದಾಗ ಕೇಳಿ: ತಲೆ ಎಣಿಸ್ತೀರಿ, ಸಾಲ ಬರೆಯೋ ಕಾಲಂ ಎಲ್ಲಿ ಸ್ವಾಮಿ?