ಹತ್ತು ಡಾಲರ್ ಜಗಳದಲ್ಲಿ ಹವಳದ ಪಾಲೆಷ್ಟು?

ಮೆಕ್ಸಿಕೊ ತನ್ನ ಬಂದರಿಗೆ ಬರುವ ಕ್ರೂಸ್ ಪ್ರಯಾಣಿಕರ ಮೇಲೆ ಹಾಕಿರುವ ತಲೆಗಂದಾಯದ ಬಗ್ಗೆ ನಡೆದಿರುವ ಚರ್ಚೆಯೆಲ್ಲ ಮೊತ್ತದ ಸುತ್ತಲೇ ಗಿರಕಿ ಹೊಡೆಯುತ್ತಿದೆ. 42 ಡಾಲರ್ ಎಂದು ಸಂಸತ್ತು ಒಪ್ಪಿದ್ದು ಹಡಗು ಕಂಪನಿಗಳ ಜೊತೆಗಿನ ಚೌಕಾಸಿಯಲ್ಲಿ 5ಕ್ಕೆ ಇಳಿಯಿತು. 2025ರ ಜುಲೈನಲ್ಲಿ ಜಾರಿಗೆ ಬಂತು. 2026ರ ಆಗಸ್ಟ್‌ಗೆ 10, ಮರುವರ್ಷ 15, 2028ಕ್ಕೆ 21 ಎಂದು ಏರಿಕೆಯೂ ನಿಗದಿಯಾಗಿದೆ. ಇದು ಸುಲಿಗೆ ಎಂದು ಒಬ್ಬರು ಬರೆದರೆ, ಪರಿಸರಕ್ಕೆ ಸಲ್ಲಬೇಕಾದ ಬಾಕಿ ಎಂದು ಇನ್ನೊಬ್ಬರು ಬರೆಯುತ್ತಾರೆ. ಇಬ್ಬರೂ ಕಾಯ್ದೆ ಓದಿದಂತಿಲ್ಲ. ಮೂಲ 42 ಡಾಲರ್ ಪ್ರಸ್ತಾವದಲ್ಲಿ ಮೂರರಲ್ಲಿ ಎರಡು ಪಾಲು ಹೋಗಬೇಕಾಗಿದ್ದುದು ಸೇನೆಗೆ. ಹವಳದ ದಿಬ್ಬಕ್ಕಲ್ಲ, ಆಮೆಗಲ್ಲ, ಬಂದರಿಗೂ ಅಲ್ಲ.

ಹಾಗಾಗಿ ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ತೆರಿಗೆ ಇರಲಿ, ಏರಲೂ ಏರಲಿ. ಆದರೆ ಅದರಲ್ಲಿ ಇಂತಿಷ್ಟು ಪಾಲು ಕಡಲಿಗೆ ಎಂದು ಕಾಯ್ದೆಯಲ್ಲೇ ಬರೆಯದಿದ್ದರೆ 5 ಡಾಲರ್‌ಗೂ 42 ಡಾಲರ್‌ಗೂ ಕಡಲಿನ ಮಟ್ಟಿಗೆ ವ್ಯತ್ಯಾಸವಿಲ್ಲ.

ಕೆರಿಬಿಯನ್ ಕರಾವಳಿಯ ಕಿಂತಾನಾ ರೂ ರಾಜ್ಯದಲ್ಲಿ ಅತಿ ಹೆಚ್ಚು ಬಿಕರಿಯಾಗುವ ಸರಕುಗಳಲ್ಲಿ ಒಂದು, ಒಂದು ದಿನದ ಗೈಡ್ ಸಹಿತ ಪ್ಯಾಕೇಜ್. ಬೆಳಿಗ್ಗೆ ತುಲುಮ್‌ನಲ್ಲಿ ಮಾಯಾ ಅವಶೇಷ, ಮಧ್ಯಾಹ್ನ ಅಕುಮಾಲ್ ಕೊಲ್ಲಿಯಲ್ಲಿ ಕಡಲಾಮೆಗಳ ನಡುವೆ ಸ್ನಾರ್ಕೆಲಿಂಗ್, ಸಂಜೆಯೊಳಗೆ ಹೋಟೆಲಿಗೋ ಹಡಗಿಗೋ ವಾಪಸ್. ಕೊಜುಮೆಲ್ ದ್ವೀಪದಲ್ಲಿ ಹಡಗಿನಿಂದ ಇಳಿದವರೂ ದೋಣಿಯಲ್ಲಿ ಈಚೆ ದಡಕ್ಕೆ ಬಂದು ಇದೇ ಬಸ್ಸು ಹತ್ತುತ್ತಾರೆ. ಅಮೆರಿಕದ ಚಾಲ್ತಿ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಕಿಲ್ಲವಾದ್ದರಿಂದ, ಡಲ್ಲಾಸ್, ಹ್ಯೂಸ್ಟನ್ ಕಡೆಯ ನಮ್ಮವರಿಗೂ ಕಾನ್ಕುನ್ ರಜೆ ಹೊಸದಲ್ಲ. ಈ ಪ್ಯಾಕೇಜಿನ ಜಾಹೀರಾತು ಕಲ್ಲು ಮತ್ತು ಕಡಲನ್ನು ಎರಡು ಬೇರೆ ಬೇರೆ ಆಕರ್ಷಣೆಗಳಂತೆ ಮಾರುತ್ತದೆ. ತುಲುಮ್‌ನ ಇತಿಹಾಸ ಗೊತ್ತಿದ್ದವರಿಗೆ ನಗು ಬರುತ್ತದೆ.

ತುಲುಮ್ ಅಲ್ಲಿ ಇರುವುದೇ ಹವಳದ ದಿಬ್ಬದ ಕಾರಣಕ್ಕೆ. ಕೋಟೆಗೋಡೆಯಿದ್ದ ಈ ಊರು ಮಾಯಾ ನಾಗರಿಕತೆಯ ಕೊನೆಯ ಶತಮಾನಗಳ ವ್ಯಾಪಾರಿ ಬಂದರು. ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಸಮುದ್ರ. ಬಂಡೆಯ ನೆತ್ತಿಯ ಮೇಲಿನ ‘ಎಲ್ ಕಾಸ್ತಿಯೊ’ ಕಟ್ಟಡದ ಎದುರಿಗೆ, ದಿಬ್ಬದ ಸಾಲಿನಲ್ಲಿ ಒಂದು ಕಿಂಡಿಯಿದೆ. ಸರಕು ತುಂಬಿದ ದೋಣಿಗಳು ಒಳಗೆ ನುಸುಳಿ ಕೆಳಗಿನ ಪುಟ್ಟ ಮರಳದಂಡೆಗೆ ಬರುತ್ತಿದ್ದದ್ದು ಅದರ ಮೂಲಕ. ದಿಬ್ಬ ಅಲೆ ತಡೆಯುತ್ತಿತ್ತು, ಕಿಂಡಿ ದಾರಿ ಬಿಡುತ್ತಿತ್ತು, ಊರು ಬೆಳೆಯಿತು. ಆ ತಡೆಯ ಕೆಲಸ ಇಂದಿಗೂ ನಡೆದಿದೆ. ಹವಳದ ದಿಬ್ಬಗಳು ಅಲೆಯ ಶಕ್ತಿಯನ್ನು ಸರಾಸರಿ 97%ರಷ್ಟು ಕುಗ್ಗಿಸುತ್ತವೆ ಎಂದು ಜಗತ್ತಿನ ಬೇರೆ ಬೇರೆ ಕಡಲುಗಳ ಮಾಹಿತಿ ಕೂಡಿಸಿದ 2014ರ ಅಧ್ಯಯನ ಹೇಳಿದೆ. ಅಂದರೆ ದಿಬ್ಬ ಸತ್ತರೆ ಪ್ಯಾಕೇಜಿನ ಮಧ್ಯಾಹ್ನವಷ್ಟೇ ಹಾಳಾಗುವುದಿಲ್ಲ, ಬೆಳಗಿನ ಪಾಲಿಗೂ ಕುತ್ತು.

ಕೌಂಟರಿನಲ್ಲಿ ಮಾತ್ರ ಎಲ್ಲವೂ ಹೋಳುಹೋಳು. ತುಲುಮ್ ಪ್ರವೇಶಕ್ಕೆ ಪುರಾತತ್ವ ಸಂಸ್ಥೆಯದೊಂದು ಟಿಕೆಟ್, ಸಂರಕ್ಷಿತ ಪ್ರದೇಶಗಳ ಆಯೋಗದ್ದೊಂದು, ಸುತ್ತಲಿನ ಹೊಸ ಜಾಗ್ವಾರ್ ಉದ್ಯಾನದ್ದು ಮತ್ತೊಂದು. ಆ ಉದ್ಯಾನ ನಡೆಸುವುದು ಸೇನೆಯ ಅಧೀನದ ಕಂಪನಿ. ಮಾಯಾ ರೈಲು, ತುಲುಮ್ ವಿಮಾನ ನಿಲ್ದಾಣ ಎರಡೂ ಅದೇ ಸೇನೆಯ ಕೈಯಲ್ಲಿ. ಪ್ರವಾಸಿ ಮೂರು ಸಲ ಜೇಬಿಗೆ ಕೈಹಾಕಿ, ತಾನು ಪರಿಸರಕ್ಕೆ ಧಾರಾಳವಾಗಿ ಕೊಟ್ಟೆ ಎಂದುಕೊಂಡು ಹೋಗುತ್ತಾನೆ. ಅವನದೇನೂ ತಪ್ಪಿಲ್ಲ.

ಇನ್ನು ಅಕುಮಾಲ್. ಅಲ್ಲಿನ ಕಡಲಹುಲ್ಲು ಮೇಯಲು ಬರುವ ಹಸಿರು ಕಡಲಾಮೆಗಳು ಹೆಚ್ಚಾಗಿ ಎಳೆಯವು. ಮೊಟ್ಟೆ ಇಡುವ ವಯಸ್ಸಿಗೆ ಬರಲು ಅವಕ್ಕೆ ಎರಡು–ಮೂರು ದಶಕ ಬೇಕು. ಮೆಕ್ಸಿಕೊ 1990ರಲ್ಲೇ ಕಡಲಾಮೆ ಬೇಟೆಯನ್ನು ಪೂರ್ತಿ ನಿಷೇಧಿಸಿತು. 2016ರಲ್ಲಿ ಈ ಕೊಲ್ಲಿಯನ್ನು ಸಾಗರ ಜೀವಿಗಳ ಆಶ್ರಯತಾಣ ಎಂದು ಘೋಷಿಸಿತು. ಗೈಡ್ ಜೊತೆ ಸಣ್ಣ ಗುಂಪಿನಲ್ಲೇ ಇಳಿಯಬೇಕು, ಲೈಫ್ ಜಾಕೆಟ್ ಕಡ್ಡಾಯ, ಆಮೆಯಿಂದ ಅಂತರ ಕಾಯಬೇಕು ಎಂಬ ನಿಯಮಗಳೆಲ್ಲ ಸೊಗಸಾಗಿವೆ. ಆದರೆ ನೀರೊಳಗೆ ಅಂತರ ಅಳೆಯುವವರು ಯಾರು? ಆಮೆ ಉಸಿರಿಗೆಂದು ಮೇಲೆ ಬಂದಾಗ ಅದರ ಸುತ್ತ ಮುತ್ತಿಕೊಳ್ಳುವ ಗುಂಪನ್ನು ಹಿಂದೆ ಸರಿಸುವವರು ಯಾರು? ಕಾವಲುಗಾರ. ಅವನಿಗೆ ದೋಣಿ ಬೇಕು, ಡೀಸೆಲ್ ಬೇಕು, ತಿಂಗಳ ಸಂಬಳ ಬೇಕು. ಇಡೀ ಕಥೆ ನಿಂತಿರುವುದು ಆ ಸಂಬಳದ ಮೇಲೆ. ಅಂಕಣಕಾರರಿಗೆ ಅದು ರುಚಿಸುವ ವಿಷಯವಲ್ಲ, ಅಷ್ಟೇ.

ಯಾರೂ ಎತ್ತದ ಸಂಖ್ಯೆ 3.75. ನೆರೆಯ ಬೆಲೀಜ್‌ನಲ್ಲೂ ಇದೇ ವ್ಯಾಪಾರ ನಡೆಯುತ್ತದೆ: ಆಲ್ತುನ್ ಹಾ ಅವಶೇಷ ನೋಡು, ಹೋಲ್ ಚಾನ್‌ನಲ್ಲಿ ನರ್ಸ್ ಶಾರ್ಕ್‌ಗಳ ಜೊತೆ ಈಜು. (ಆಲ್ತುನ್ ಹಾ ದೇಗುಲ ಅಲ್ಲಿನ ಬಿಯರ್ ಬಾಟಲಿಯ ಮೇಲೂ ಇದೆ. ಮಾರುವುದರಲ್ಲಿ ಅವರೇನೂ ಹಿಂದೆ ಬಿದ್ದಿಲ್ಲ.) 1996ರಲ್ಲಿ ಆ ದೇಶ, ಹೊರಹೋಗುವ ಪ್ರತಿ ವಿದೇಶಿ ಪ್ರವಾಸಿಯಿಂದ 3.75 ಅಮೆರಿಕನ್ ಡಾಲರ್ ಪಡೆಯಲು ಶುರುಮಾಡಿತು. ಮೊತ್ತ ಪುಡಿಗಾಸು. ವಿಶೇಷ ಇರುವುದು ಅದು ಹೋಗಿ ಸೇರುವ ಜಾಗದಲ್ಲಿ. ‘ಪ್ಯಾಕ್ಟ್’ ಎಂಬ ಸಂರಕ್ಷಿತ ಪ್ರದೇಶಗಳ ಟ್ರಸ್ಟನ್ನು ಕಾಯ್ದೆಯ ಮೂಲಕವೇ ಹುಟ್ಟುಹಾಕಿ, ಹಣ ಅದಕ್ಕೇ ಸಲ್ಲಬೇಕು ಎಂದು ಬರೆದರು. ಕ್ರೂಸ್ ಪ್ರಯಾಣಿಕರ ತಲೆಗಂದಾಯದಲ್ಲೂ 20% ಅದರದೇ ಪಾಲು. ಟ್ರಸ್ಟ್ ಆ ಹಣವನ್ನು ಕಾಡು, ಕಡಲು ಕಾಯುವ ಸಂಸ್ಥೆಗಳಿಗೆ ಅನುದಾನವಾಗಿ ಹಂಚುತ್ತದೆ. ಹುಂಡಿಯ ಕಾಸು ಗುಡಿಯ ಸೋರುವ ಮಾಡಿಗೇ ಹೋಗಬೇಕು ಎಂದು ಬರೆದಿಟ್ಟಂತೆ. ಹಣಕಾಸು ಮಂತ್ರಿ ಬದಲಾದರೂ ಬರೆದದ್ದು ಉಳಿಯುತ್ತದೆ.

ಬೆಲೀಜ್ ಪುಟ್ಟ ದೇಶ, ಮೆಕ್ಸಿಕೊಗೆ ಹೋಲಿಸಬಾರದು ಎನ್ನುವವರಿದ್ದಾರೆ. ಪುಟ್ಟದು, ಸರಿ. ಆದರೆ ಬಡ ದೇಶಕ್ಕೆ ಸಾಧ್ಯವಾದದ್ದು ತನಗಿಂತ ಎಷ್ಟೋ ದೊಡ್ಡದಾದ ಶ್ರೀಮಂತ ನೆರೆಗೆ ಅಸಾಧ್ಯ ಎಂಬುದು ಯಾವ ಸೀಮೆಯ ವಾದ? ಬೆಲೀಜ್‌ನದೂ ಅಪ್ಪಟ ಚಿನ್ನವೇನಲ್ಲ. ಕಾಂಡ್ಲಾ ಕಡಿತ, ದ್ವೀಪಗಳ ಮಾರಾಟದ ದೆಸೆಯಿಂದ ಅದರ ಹವಳದ ಸಾಲು 2009ರಲ್ಲಿ ಯುನೆಸ್ಕೊದ ಅಪಾಯದ ಪಟ್ಟಿ ಸೇರಿತು. ತನ್ನ ಕಡಲಲ್ಲಿ ತೈಲ ಹುಡುಕಾಟವನ್ನೇ ಕಾನೂನು ತಂದು ನಿಲ್ಲಿಸಿದ ಮೇಲೆ 2018ರಲ್ಲಿ ಹೊರಬಂತು. ಟ್ರಸ್ಟ್ ಒಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಟ್ರಸ್ಟ್ ಇಲ್ಲದಿದ್ದರೆ ಶುರುವೇ ಆಗುವುದಿಲ್ಲ ಎನ್ನುತ್ತಿದ್ದೇನೆ.

ಹಡಗು ಕಂಪನಿಗಳ ಕಡೆಯವರ ವಾದವನ್ನೂ ನೋಡಿಬಿಡೋಣ. 42 ಡಾಲರ್ ಆದರೆ ಮೆಕ್ಸಿಕೊ ಇತರ ಕೆರಿಬಿಯನ್ ಬಂದರುಗಳಿಗಿಂತ 213% ದುಬಾರಿ ಎಂದು ಅಲ್ಲಿನ ಹಡಗು ಏಜೆಂಟರ ಸಂಘ ಕೂಗಿತ್ತು. ಇರಬಹುದು. ಆದರೆ ಪ್ರವಾಸಿ ಬಾರದಂತೆ ಮಾಡುವುದು ಬೆಲೆಯೊಂದೇ ಅಲ್ಲ. 2019ರ ಅಕ್ಟೋಬರ್‌ನಲ್ಲಿ ಕೊಜುಮೆಲ್‌ನ ಪಲಾಂಕಾರ್, ಕೊಲಂಬಿಯಾ ದಿಬ್ಬಗಳನ್ನೂ ನಕ್ಷತ್ರಮೀನುಗಳ ‘ಎಲ್ ಸಿಯೆಲೊ’ವನ್ನೂ ಸರ್ಕಾರವೇ ತಾತ್ಕಾಲಿಕವಾಗಿ ಮುಚ್ಚಿತು. ಹವಳಕ್ಕೆ ಬಿಳಿರೋಗ ತಗುಲಿತ್ತು. ಆ ವಾರ ಟಿಕೆಟ್ ಎಷ್ಟೆಂದು ಕೇಳುವ ಪ್ರಶ್ನೆಯೇ ಇರಲಿಲ್ಲ. 40 ಲಕ್ಷಕ್ಕೂ ಹೆಚ್ಚು ಕ್ರೂಸ್ ಪ್ರಯಾಣಿಕರು ವರ್ಷಕ್ಕೆ ಬಂದಿಳಿಯುವ ದ್ವೀಪ ಅದು.

ವಿಚಿತ್ರವೆಂದರೆ ದಾರಿ ಮೆಕ್ಸಿಕೊಗೆ ಗೊತ್ತಿಲ್ಲವೆಂದಲ್ಲ. ಕಿಂತಾನಾ ರೂ ರಾಜ್ಯವೇ 2018ರಲ್ಲಿ ಕರಾವಳಿ ನಿರ್ವಹಣೆಗೆ ಒಂದು ಟ್ರಸ್ಟ್ ಕಟ್ಟಿ, ಮರುವರ್ಷ ಹವಳದ ದಿಬ್ಬಕ್ಕೆ ವಿಮೆ ಮಾಡಿಸಿತು. ಗಾಳಿ 100 ನಾಟ್ ದಾಟಿದರೆ ಸಾಕು, ಸಮೀಕ್ಷೆ, ತನಿಖೆ ಎಂದು ಕಾಯಿಸದೆ ಹಣ ಬರುವ ವಿಮೆ. 2020ರ ಅಕ್ಟೋಬರ್‌ನಲ್ಲಿ ಡೆಲ್ಟಾ ಚಂಡಮಾರುತ ಬಡಿದಾಗ ಸುಮಾರು 1.7 ಕೋಟಿ ಪೆಸೊ ಕೈಸೇರಿತು. ತರಬೇತಿ ಪಡೆದ ಮುಳುಗುಗಾರರ ತಂಡಗಳು ಇಳಿದು, ಮುರಿದ ಹವಳದ ತುಂಡುಗಳನ್ನು ಆಯ್ದು ಮತ್ತೆ ದಿಬ್ಬಕ್ಕೆ ಅಂಟಿಸಿದವು. ಅದಕ್ಕೆ ಸೇನೆ ಬೇಕಾಗಲಿಲ್ಲ.

ಈಗ ಲೆಕ್ಕ ಹಾಕಿ. ಬೆಲೀಜ್‌ನಂತೆ ಐದರಲ್ಲೊಂದು ಪಾಲನ್ನಷ್ಟೇ ಎತ್ತಿಟ್ಟರೂ 10 ಡಾಲರ್‌ನಲ್ಲಿ 2, 2028ರ 21ರಲ್ಲಿ 4.20. ಕೊಜುಮೆಲ್‌ಗೆ ಬರುವವರ ಲೆಕ್ಕವೊಂದೇ ವರ್ಷಕ್ಕೆ 80 ಲಕ್ಷ ಡಾಲರ್ ಮುಟ್ಟುತ್ತದೆ, ಅಂದರೆ ಡೆಲ್ಟಾ ತಂದ ವಿಮೆ ಹಣದ ಹತ್ತು ಪಟ್ಟು. ತೆರಿಗೆಯ ಮುಂದಿನ ಏರಿಕೆಗೆ ಮುನ್ನ ಮೆಕ್ಸಿಕೊ ಸಂಸತ್ತು ಸೇರಿಸಬೇಕಾದದ್ದು ಒಂದೇ ಉಪವಾಕ್ಯ. ಹಣ ಹಾಕಲು ಹೊಸ ಮಾದರಿಯನ್ನೂ ಹುಡುಕಬೇಕಿಲ್ಲ, 2018ರ ಟ್ರಸ್ಟ್‌ನದೇ ಇದೆ.