ಹೆಸರಿಗೆ ಇಪ್ಪತ್ತು ಮನೆ ಸಾಲದು

‘ಸಿ’ ಭಾಷೆಯನ್ನು ಕಲಿಯತೊಡಗಿದ ವಿದ್ಯಾರ್ಥಿಗಳಿಗೆ ಮೊದಲು ಪರಿಚಯವಾಗುವುವು ಪ್ರಿಂಟ್‌ಎಫ್ ಮತ್ತು ಸ್ಕ್ಯಾನ್‌ಎಫ್ ಎಂಬ ಎರಡು ಆಜ್ಞೆಗಳು. ಮೊದಲನೆಯದು ಗಣಕಯಂತ್ರದಿಂದ ಹೊರಗೆ ಬರೆಯುವುದು, ಎರಡನೆಯದು ಒಳಗೆ ಓದಿಕೊಳ್ಳುವುದು. ಪ್ರಿಂಟ್‌ಎಫ್‌ನಲ್ಲಿ ಶೇಕಡಾ ಚಿಹ್ನೆ, ಋಣಚಿಹ್ನೆ, 20, ಆಮೇಲೆ ‘ಎಸ್’ ಎಂದು ಬರೆದರೆ, ಹೆಸರು ಇಪ್ಪತ್ತು ಅಕ್ಷರಗಳ ಅಗಲವನ್ನು ತುಂಬಿ ನಿಲ್ಲುವುದೆಂದು ಹೇಳಿಕೊಡುವುದು ವಾಡಿಕೆ. ಕನ್ನಡದ ಮಟ್ಟಿಗೆ ಈ ಮಾತು ಸುಳ್ಳು. ಇನ್ನೂ ಹೀಗೆಯೇ ಕಲಿಸುತ್ತಿರುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ.

ಆ 20 ಎಣಿಸುವುದು ಅಕ್ಷರಗಳನ್ನಲ್ಲ, ಬೈಟುಗಳನ್ನು. ಡೆನಿಸ್ ರಿಚಿಯವರು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಈ ಭಾಷೆಯನ್ನು ರೂಪಿಸಿದಾಗ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕಾಗಿತ್ತು. ಎರಡು ಎಣಿಕೆಗಳಿಗೂ ಭೇದವೇ ಕಾಣುತ್ತಿರಲಿಲ್ಲ. 1992ರಲ್ಲಿ ಹುಟ್ಟಿ ಇಂದು ಬಹುವಾಗಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿಯಾದರೋ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಮೂರು ಬೈಟುಗಳು ಬೇಕು.

ಶ್ರೀನಿವಾಸ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ. ಆದರೆ ‘ಶ್ರೀ’ ಒಂದರಲ್ಲಿಯೇ ಶಕಾರ, ವಿರಾಮಚಿಹ್ನೆ, ರಕಾರ, ದೀರ್ಘದ ಚಿಹ್ನೆ ಎಂದು ನಾಲ್ಕು ಸಂಕೇತಗಳಿವೆ. ಇಡೀ ಹೆಸರಿನಲ್ಲಿ ಸಂಕೇತಗಳು 9, ಬೈಟುಗಳು 27. ಇಪ್ಪತ್ತನ್ನು ಆಗಲೇ ಮೀರಿದ್ದರಿಂದ ಪ್ರಿಂಟ್‌ಎಫ್ ಅದರ ಮುಂದೆ ಒಂದು ತೆರಪನ್ನೂ ಬಿಡದು. ‘ರಮಾ’ ಎಂಬುದಕ್ಕೆ 9 ಬೈಟು. ಅದರ ಮುಂದೆ 11 ತೆರಪುಗಳು. ಅಂಕಪಟ್ಟಿಯ ಸಾಲುಗಳು ಓರೆಕೋರೆಯಾಗಲು ಇನ್ನೇನು ಬೇಕು!

ಇದು ನೋಟದ ಕೊರತೆ. ಓದಿಕೊಳ್ಳುವಾಗಿನ ಕೇಡು ಇದಕ್ಕಿಂತ ದೊಡ್ಡದು. ಹೆಸರಿಗೆಂದು 20 ಬೈಟುಗಳ ಜಾಗವನ್ನಿಟ್ಟು, ಕೊನೆಯ ಸೊನ್ನೆಗೆ ಒಂದನ್ನು ಬಿಟ್ಟು, ಎಚ್ಚರಿಕೆಯಿಂದ 19ರ ಮಿತಿಯನ್ನು ಹಾಕಿದೆವೆನ್ನೋಣ. ‘ಶ್ರೀನಿ’ ಎಂಬಲ್ಲಿಗೆ 18 ಮುಗಿದು, ಹತ್ತೊಂಬತ್ತನೆಯದಾಗಿ ವಕಾರದ ಮೂರನೆಯ ಒಂದು ಪಾಲು ಮಾತ್ರ ಒಳಗೆ ಬರುವುದು. ಉಳಿದ 8 ಬೈಟುಗಳು ಹೊರಗೆ ಕಾದಿರುತ್ತವೆ. ಅಂಕಗಳನ್ನು ಓದಲು ಹೊರಟ ಮುಂದಿನ ಆಜ್ಞೆಗೆ ಹೆಸರಿನ ಈ ಚೂರೇ ಎದುರಾಗಿ, ಅದು ಅಂಕೆಯಲ್ಲವಾದುದರಿಂದ ಓದು ಅಲ್ಲಿಗೇ ನಿಲ್ಲುತ್ತದೆ. ಮಿತಿಯನ್ನೇ ಹಾಕದಿದ್ದರಂತೂ ಹೆಸರು ತನ್ನ ಜಾಗವನ್ನು ದಾಟಿ ನೆರೆಯ ಮಾಹಿತಿಯನ್ನು ಅಳಿಸಬಹುದು.

ಪ್ರೋಗ್ರಾಮಿನ ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿರುವಾಗ ಕನ್ನಡದ ಚಿಂತೆ ಏಕೆಂದು ಕೇಳುವವರುಂಟು. ಆಜ್ಞೆಗಳು ಇಂಗ್ಲಿಷಿನಲ್ಲಿರಲಿ, ಪಟ್ಟಿಯಲ್ಲಿ ತುಂಡಾಗುವ ಹೆಸರು ಶ್ರೀನಿವಾಸನದು. ‘ವೈಡ್ ಕ್ಯಾರೆಕ್ಟರ್’ ಬಳಸಿದರಾಯಿತೆಂಬ ಉತ್ತರವೂ ಪೂರ್ಣವಲ್ಲ, ಅದರ ಎಣಿಕೆಗೆ ಸಿಗುವುದು ಸಂಕೇತಗಳು: ನಾಲ್ಕಲ್ಲ, ಒಂಬತ್ತು.

ಭಾಷೆಯನ್ನು ದೂರಿ ಪ್ರಯೋಜನವಿಲ್ಲ. ಬೈಟನ್ನು ಎಣಿಸುವೆನೆಂದೇ ಅದು ಹೇಳಿದೆ. ಪಾಠವನ್ನು ತಿದ್ದಬೇಕು. ಇಡೀ ಸಾಲನ್ನು ಎಫ್‌ಗೆಟ್ಸ್‌ನಿಂದ 256 ಬೈಟುಗಳಷ್ಟು ವಿಶಾಲವಾದ ಜಾಗಕ್ಕೆ ಓದಿಕೊಂಡು ಅನಂತರ ಬಿಡಿಸುವುದನ್ನು ಮೊದಲೇ ಕಲಿಸಬಹುದು. ಪಟ್ಟಿಯಲ್ಲಿ ಕ್ರಮಸಂಖ್ಯೆ ಮತ್ತು ಅಂಕಗಳನ್ನು ಮೊದಲು ಬರೆದು ಹೆಸರನ್ನು ಕೊನೆಗಿಟ್ಟರೆ ಸಾಲುಗಳು ತಾವಾಗಿಯೇ ನೇರವಾಗುವುವು. ವಿದ್ಯಾರ್ಥಿಗಳು ಈ ಎರಡನ್ನೂ ತಮ್ಮ ತಮ್ಮ ಹೆಸರುಗಳನ್ನು ಕನ್ನಡದಲ್ಲಿಯೇ ಕೊಟ್ಟು ಪರೀಕ್ಷಿಸಿ ನೋಡಲಿ.